ಮೂರು ಪಟ್ಟಿಗಳಲ್ಲಿ ಒಂದು ಹೆಸರು

"ಮೂರೂ ಒಳ್ಳೆಯವೇ ಆಗಿದ್ದರೆ ಒಂದನ್ನು ಆರಿಸುವುದು ಹೇಗೆ, ಮೇಷ್ಟ್ರೇ?"

ಕೇಳಿದವಳು ಮಂದಾರ. ಅರ್ಥಶಾಸ್ತ್ರ ಓದಲು ಅವಳಿಗೆ ಕಡಲಾಚೆಯ ಮೂರು ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿತ್ತು. ಒಂದು ಇಂಗ್ಲೆಂಡಿನಲ್ಲಿ, ಒಂದು ಹಾಲೆಂಡಿನಲ್ಲಿ, ಒಂದು ಆಸ್ಟ್ರೇಲಿಯದಲ್ಲಿ. ಕೇಳಿಸಿಕೊಂಡವರು ಗುರುಸಿದ್ದಯ್ಯ ಮೇಷ್ಟ್ರು. ತಿಪಟೂರಿನಲ್ಲಿ ಮೂವತ್ತೆರಡು ವರ್ಷ ಅರ್ಥಶಾಸ್ತ್ರ ಕಲಿಸಿದವರು. ನಿವೃತ್ತರಾದ ಮೇಲೂ ಜಗಲಿಯಲ್ಲಿ ಕುಳಿತು ಅದನ್ನೇ ಮುಂದುವರಿಸಿದ್ದರು. ವ್ಯತ್ಯಾಸವೆಂದರೆ, ಈಗ ಕೇಳಲು ಬರುವವರು ಹಾಜರಿಗಾಗಿ ಬರುತ್ತಿರಲಿಲ್ಲ.

ಮಂದಾರ ಮಡಿಸಿದ ಕಾಗದವೊಂದನ್ನು ಅವರ ಮುಂದೆ ಹಾಸಿದಳು. ಒಂದು ಹಾಳೆ ಸಾಲದೆ ಮೂರು ಹಾಳೆಗಳನ್ನು ಗೋಂದು ಹಚ್ಚಿ ಜೋಡಿಸಿದ್ದಳು. ನಲವತ್ತೆರಡು ಸಾಲುಗಳಿದ್ದವು. ಪಾಠ ಮಾಡುವವರು ಹೇಗೆ, ಗ್ರಂಥಾಲಯ ಎಷ್ಟು ಹೊತ್ತು ತೆರೆದಿರುತ್ತದೆ, ಗಣಿತ ಎಷ್ಟು, ಚಳಿ ಎಷ್ಟು, ಓದು ಮುಗಿದ ಮೇಲೆ ಕೆಲಸ ಸಿಗುತ್ತದೆಯೇ, ಮೊಸರು ಸಿಗುತ್ತದೆಯೇ. ಒಂದೊಂದಕ್ಕೂ ಹತ್ತರಲ್ಲಿ ಇಷ್ಟು ಎಂದು ಅಂಕ. ಕೂಡಿದಾಗ ಮೊದಲೆರಡಕ್ಕೆ ಮುನ್ನೂರ ಹನ್ನೊಂದು ಬಂದಿತ್ತು, ಮೂರನೆಯದಕ್ಕೆ ಮುನ್ನೂರ ಹತ್ತು. ಅದೊಂದೇ ಹಿಂದುಳಿಯಿತಲ್ಲ ಎಂದು ಪಾಪ ಅನ್ನಿಸಿ, ಮೊಸರಿಗೆ ಒಂದು ಅಂಕ ಹೆಚ್ಚು ಕೊಟ್ಟಿದ್ದಳು.

"ಈಗ ಮೂರೂ ಸಮ," ಎಂದಳು. "ಇವತ್ತು ಸಂಜೆ ಐದರೊಳಗೆ ಹೇಳಬೇಕು."

ಮೇಷ್ಟ್ರು ಕಾಗದವನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು. ಅವಳನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

ಜಗಲಿಯ ಅಂಚಿನಲ್ಲಿ ಮೂರು ಖಾಲಿ ಲೋಟಗಳಿದ್ದವು. ಮೇಷ್ಟ್ರ ಮನೆಯಲ್ಲಿ ಯಾರು ಬಂದರೂ ಮೊದಲು ಮಜ್ಜಿಗೆ, ಆಮೇಲೆ ಮಾತು. ಇವತ್ತು ಮಜ್ಜಿಗೆ ಬರಲಿಲ್ಲ. ಮಂದಾರ ಅದನ್ನು ಗಮನಿಸಿದಳು, ಬೇಸಿಗೆಯಲ್ಲವೇ, ಮುಗಿದಿರಬೇಕು ಎಂದುಕೊಂಡಳು.

"ಒಂದು ಬಂದರಿನಲ್ಲಿ ಒಬ್ಬ ವ್ಯಾಪಾರಿ ಇದ್ದ," ಎಂದರು ಮೇಷ್ಟ್ರು.

ಆತ ಕಾಳುಮೆಣಸು ಮಾರುತ್ತಿದ್ದ. ಆ ಬಂದರಿನಲ್ಲಿ ಎಲ್ಲರೂ ಕಾಳುಮೆಣಸು ಮಾರುತ್ತಿದ್ದರು. ಕೊಳ್ಳುವವರು ವರ್ಷಕ್ಕೊಮ್ಮೆ ಕಡಲಾಚೆಯಿಂದ ಬಂದು ಬೆಲೆಯನ್ನು ತಾವೇ ಹೇಳುತ್ತಿದ್ದರು. ಹೋದ ವರ್ಷಕ್ಕಿಂತ ಕಡಿಮೆ ಯಾಕೆ ಎಂದು ಕೇಳಿದರೆ ಅದಕ್ಕೊಂದು ಶಾಸ್ತ್ರವಿದೆ ಎನ್ನುತ್ತಿದ್ದರು. ಶಾಸ್ತ್ರವೆಂದ ಮೇಲೆ ಊರಿನವರು ತಲೆಯಾಡಿಸುತ್ತಿದ್ದರು.

ವ್ಯಾಪಾರಿಗೆ ಒಬ್ಬಳೇ ಮಗಳು. ಏಳು ವರ್ಷದವಳಿದ್ದಾಗ ಊಟಕ್ಕೆ ಕುಳಿತವಳು ಕೇಳಿದಳು.

"ಅಪ್ಪಾ, ಉಪ್ಪಿಲ್ಲದೆ ಯಾರೂ ಉಣ್ಣುವುದಿಲ್ಲ. ಕಾಳುಮೆಣಸಿಲ್ಲದೆ ಎಲ್ಲರೂ ಉಣ್ಣುತ್ತಾರೆ. ಹಾಗಿದ್ದ ಮೇಲೆ ಉಪ್ಪು ಯಾಕೆ ಅಗ್ಗ, ಮೆಣಸು ಯಾಕೆ ತುಟ್ಟಿ?"

"ಅದು ಅಗ್ಗವಾಗಿರೋದು ನಮ್ಮ ಪುಣ್ಯ. ಇದು ತುಟ್ಟಿಯಾಗಿರೋದೂ ನಮ್ಮ ಪುಣ್ಯ. ಸುಮ್ಮನೆ ಉಣ್ಣು," ಎಂದ ವ್ಯಾಪಾರಿ.

ಉತ್ತರ ಸರಿಯಿರಲಿಲ್ಲ. ಅದು ಆತನಿಗೂ ಗೊತ್ತಿತ್ತು. ಆ ಮನೆಯಲ್ಲಿ ಊಟಕ್ಕೆ ಸಾಲಾಗಿ ಎಲೆ ಹಾಕುತ್ತಿದ್ದರು. ತಾಯಿ ಮೊದಲು ಉಪ್ಪು ಬಡಿಸುತ್ತಾ ಬರುತ್ತಿದ್ದಳು. ಎಲೆಯ ತುದಿಯಲ್ಲಿ ಉಪ್ಪು ಬಿದ್ದ ಮೇಲೆಯೇ ಉಳಿದದ್ದು. ಮಗಳು ದಿನವೂ ಆ ಉಪ್ಪನ್ನು ನೋಡುತ್ತಾ ದೊಡ್ಡವಳಾದಳು.

ದೊಡ್ಡವಳಾದ ಮೇಲೆ ಆ ಶಾಸ್ತ್ರವನ್ನು ಕಲಿತು ಬರುತ್ತೇನೆ ಎಂದಳು. ಆ ಊರಿನಲ್ಲಿ ಹೆಣ್ಣುಮಕ್ಕಳೂ ಕಡಲು ದಾಟುತ್ತಿದ್ದರು. ಕತೆಯಾದ್ದರಿಂದ ಯಾರೂ ಆಕ್ಷೇಪಿಸಲಿಲ್ಲ. ಊರಿನ ಹಿರಿಯರಿಗೂ ಸಂತೋಷವಾಯಿತು. ಕೊಳ್ಳುವವರ ಎದುರು ಕುಳಿತು ಅವರ ಮಾತಿನಲ್ಲೇ ಮಾತನಾಡಬಲ್ಲವರು ಒಬ್ಬರು ಬೇಕಾಗಿತ್ತು.

ಆ ಶಾಸ್ತ್ರವನ್ನು ಕಲಿಸುವ ವಿದ್ಯಾಪೀಠಗಳು ಕಡಲಾಚೆಯ ಮೂರು ನಗರಗಳಲ್ಲಿದ್ದವು. ಮೂರೂ ತಮ್ಮ ತಮ್ಮ ಕಡೆಯ ಒಬ್ಬೊಬ್ಬನನ್ನು ಬಂದರಿಗೆ ಕಳಿಸಿದವು. ಮೂವರೂ ಅಕ್ಕಪಕ್ಕದಲ್ಲೇ ಚಪ್ಪರ ಹಾಕಿಕೊಂಡು, ಬಟ್ಟೆಯ ಮೇಲೆ ಬರೆಸಿದ ಚಿತ್ರಗಳನ್ನು ತೂಗುಹಾಕಿದರು. ಮೂರು ಚಿತ್ರಗಳಲ್ಲೂ ಒಂದು ಮರವಿತ್ತು. ಮರದ ಕೆಳಗೆ ಶಿಷ್ಯರು ಪುಸ್ತಕ ಹಿಡಿದು ನಗುತ್ತಿದ್ದರು. ಪುಸ್ತಕದಲ್ಲಿ ನಗುವಂಥದ್ದು ಏನಿತ್ತೋ ತಿಳಿಯದು.

ವ್ಯಾಪಾರಿಯ ಮಗಳು ಮೂರು ಚಪ್ಪರಗಳಿಗೂ ಹೋಗಿ ಒಂದೇ ಪ್ರಶ್ನೆ ಕೇಳಿದಳು.

"ನಿಮ್ಮಲ್ಲಿ ಉಪ್ಪು ಯಾಕೆ ಅಗ್ಗವೆಂದು ಹೇಳಿಕೊಡುತ್ತಾರಾ?"

"ಎರಡನೆಯ ವರ್ಷದಲ್ಲಿ, ತಾಯಿ," ಎಂದ ಮೊದಲನೆಯವನು.

"ಎರಡನೆಯ ವರ್ಷವೇ? ನಮ್ಮಲ್ಲಿ ಮೊದಲ ತಿಂಗಳಲ್ಲೇ," ಎಂದ ಪಕ್ಕದ ಚಪ್ಪರದವನು.

"ನಮ್ಮಲ್ಲಿ ಅದು ಪ್ರಶ್ನೆಯೇ ಅಲ್ಲವೆಂದು ಹೇಳಿಕೊಡುತ್ತೇವೆ," ಎಂದ ಮೂರನೆಯವನು.

ಮೂರೂ ಆಕೆಗೆ ಒಳ್ಳೆಯ ಉತ್ತರಗಳೆನಿಸಿದವು. ಅಲ್ಲಿಂದ ಕಷ್ಟ ಶುರುವಾಯಿತು.

ಆಕೆಯ ಬಳಿ ಒಂದು ಕಡತವಿತ್ತು. ವ್ಯಾಪಾರಿಗಳ ಮನೆಯಲ್ಲಿ ಇರುತ್ತಿದ್ದಂಥದ್ದು: ಕಪ್ಪು ಬಟ್ಟೆಯದು, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುವಂಥದ್ದು, ಬಳಪದಿಂದ ಬರೆದು ಬೇಡವೆನಿಸಿದರೆ ಒರೆಸುವಂಥದ್ದು. ಅದರಲ್ಲಿ ಮೂರು ನಗರಗಳಿಗೂ ಒಂದೊಂದು ಅಂಕಣ ಮಾಡಿದಳು. ಕೇಳಿದ್ದನ್ನೆಲ್ಲ ಬರೆದಳು. ವರ್ಷಕ್ಕೊಮ್ಮೆ ಒಬ್ಬ ಡಂಗುರದವನು ಬಂದು ಯಾವ ವಿದ್ಯಾಪೀಠ ಮೊದಲನೆಯದು, ಯಾವುದು ಕೊನೆಯದು ಎಂದು ಸಾರುತ್ತಿದ್ದ. ಹೋದ ಸಲ ಮೊದಲಿದ್ದದ್ದು ಈ ಸಲ ಮೂರನೆಯದಾಗಿತ್ತು. ವಿದ್ಯಾಪೀಠಗಳು ಮಾತ್ರ ಇದ್ದಲ್ಲಿಯೇ ಇದ್ದವು. ಅವನನ್ನು ಕಳಿಸಿದವರು ಯಾರೆಂದು ಯಾರೂ ಕೇಳಿರಲಿಲ್ಲ. ಆಕೆ ಅದನ್ನೂ ಬರೆದುಕೊಂಡಳು. ಎರಡನೆಯ ನಗರದಲ್ಲಿ ಓದಿ ಬಂದ ಒಬ್ಬನು ನೆಲದ ಮೇಲೆ ಕೂರುವುದನ್ನು ಮರೆತಿದ್ದ. ಅದನ್ನು ಒಳ್ಳೆಯದರಲ್ಲಿ ಸೇರಿಸಬೇಕೋ ಕೆಟ್ಟದ್ದರಲ್ಲೋ ತಿಳಿಯದೆ, ಎರಡರಲ್ಲೂ ಬರೆದಳು. ಒರೆಸಿದಳು. ಮತ್ತೆ ಬರೆದಳು.

ಮನೆಯಲ್ಲಿ ಒಬ್ಬ ಅತ್ತೆ ಇದ್ದಳು, ವ್ಯಾಪಾರಿಯ ಅಕ್ಕ. ಆಕೆಗೆ ನೋಡಿ ನೋಡಿ ಸಾಕಾಯಿತು.

"ಗಂಡು ನೋಡೋದಕ್ಕೂ ಯಾರೂ ಇಷ್ಟು ಬರೆಯೋದಿಲ್ಲ ಕಣೇ. ನನಗೆ ತೋರಿಸಿದ್ದು ಒಂದೇ ಗಂಡು. ಹೂಂ ಅಂದೆ. ನೋಡು, ಬದುಕಿದ್ದೀನಿ."

"ಮಾವ ಬದುಕಿದ್ದಾರಾ, ಅತ್ತೆ?"

"ಅವರ ವಿಷಯ ಬೇರೆ," ಎಂದಳು ಅತ್ತೆ.

ಮೂರು ನಗರಗಳಿಗೂ ಹಡಗುಗಳು ಒಂದೇ ದಿನ ಹೊರಡುತ್ತಿದ್ದವು. ಅಲ್ಲಿ ವರ್ಷಕ್ಕೊಮ್ಮೆ ಗಾಳಿ ತಿರುಗುತ್ತಿತ್ತು. ತಿರುಗಿದ ದಿನವೇ ಹಾಯಿ ಬಿಚ್ಚಬೇಕು. ಹೋಗುವವರು ತಿಂಗಳ ಮೊದಲೇ ಹಡಗಿನ ಕರಣಿಕನ ಬಳಿ ಹೆಸರು ಬರೆಸಬೇಕು. ಆ ಬಂದರಿನಲ್ಲಿ ಒಂದು ಕಟ್ಟಳೆಯಿತ್ತು. ಹೊರಡುವ ಮೊದಲು ಕರಣಿಕ ಹಲಗೆಯ ಮೇಲೆ ನಿಂತು ಪಟ್ಟಿಯಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಾನೆ. ಪ್ರತಿ ಹೆಸರಿಗೂ ಹಡಗಿನೊಳಗಿಂದ "ಇದ್ದೇನೆ" ಎಂಬ ಉತ್ತರ ಬರಬೇಕು. ಒಂದೇ ಒಂದು ಹೆಸರಿಗೆ ಉತ್ತರ ಬರದಿದ್ದರೂ ಲಂಗರು ಎತ್ತುವಂತಿಲ್ಲ. ಹೋಗುವ ಮನಸ್ಸು ಬದಲಾದವರು ತಾವೇ ಬಂದು, ತಮ್ಮ ಕೈಯಿಂದಲೇ ಪಟ್ಟಿಯಲ್ಲಿನ ಹೆಸರನ್ನು ಹೊಡೆದುಹಾಕಬೇಕು. ಬೇರೆಯವರು ಹೊಡೆಯುವಂತಿಲ್ಲ, ತಂದೆಯೂ ಹೊಡೆಯುವಂತಿಲ್ಲ.

ವ್ಯಾಪಾರಿಯ ಮಗಳು ಮೂರು ಹಡಗುಗಳಲ್ಲೂ ಹೆಸರು ಬರೆಸಿದಳು.

ಮಂದಾರ ಕುಳಿತಲ್ಲಿಯೇ ಸ್ವಲ್ಪ ಸರಿದಳು. "ಮೂರು ಕಡೆ ಬರೆಸಿದರೆ ತಪ್ಪೇನು, ಮೇಷ್ಟ್ರೇ? ಒಂದು ಕೈತಪ್ಪಿದರೆ ಇನ್ನೊಂದು ಇರಲಿ ಅಂತ ತಾನೇ?"

"ತಪ್ಪೆಂದು ಯಾರು ಹೇಳಿದರು?" ಎಂದರು ಮೇಷ್ಟ್ರು. "ಕರಣಿಕರು ಮೂವರೂ ಬಹಳ ಮರ್ಯಾದೆಯಿಂದ ಬರೆದುಕೊಂಡರು."

ಹೊರಡುವ ದಿನ ಹತ್ತಿರ ಬಂದಿತು. ಆಕೆ ಯಾವ ಪಟ್ಟಿಯಲ್ಲೂ ಹೆಸರನ್ನು ಹೊಡೆಯಲಿಲ್ಲ. ಹಿಂದಿನ ದಿನ ಅತ್ತೆ ಕೇಳಿದಳು.

"ಎರಡು ಹೆಸರು ಹೊಡೆದು ಬಂದೆಯೇನೇ?"

"ಇಲ್ಲ, ಅತ್ತೆ. ಅದನ್ನೂ ಯೋಚಿಸಿಟ್ಟಿದ್ದೇನೆ. ಉತ್ತರ ಬರದಿದ್ದರೆ ಹಡಗು ಹೊರಡುವಂತಿಲ್ಲ, ಅಲ್ಲವಾ? ಮೂರೂ ನನಗಾಗಿ ನಿಲ್ಲುತ್ತವೆ. ಅವು ನಿಂತಷ್ಟು ಹೊತ್ತು ನಾನು ಯೋಚಿಸಬಹುದು."

"ಹಡಗಿನಲ್ಲಿ ಕೂತಿರೋ ಮಿಕ್ಕವರು?"

"ಅವರು ಆರಿಸಿ ಆಗಿದೆಯಲ್ಲ. ಅವರಿಗೇನು ಅವಸರ?"

ಜಾಣತನದ ಮಾತಿಗೆ ಕೂಡಲೇ ಉತ್ತರ ಹೊಳೆಯುವುದಿಲ್ಲ. ಹೊಳೆಯುವ ಹೊತ್ತಿಗೆ ಹಡಗು ಹೋಗಿರುತ್ತದೆ.

ಬೆಳಿಗ್ಗೆ ಗಾಳಿ ತಿರುಗಿತು. ಊರೆಲ್ಲ ಬಂದರಿಗೆ ಬಂದಿತು. ವ್ಯಾಪಾರಿ, ಆತನ ಹೆಂಡತಿ, ಅಕ್ಕ ಎಲ್ಲರೂ ಬಂದರು. ಮಗಳು ಹಸಿರು ಸೀರೆ ಉಟ್ಟಿದ್ದಳು. ಅದರ ಸೆರಗಿನ ತುದಿಯಲ್ಲಿ ದೀಪ ತಾಗಿ ಸುಟ್ಟ ಒಂದು ಸಣ್ಣ ತೂತು ಇತ್ತು. ಕೈಯಲ್ಲಿ ಕಡತವಿತ್ತು. ಹಡಗು ಹತ್ತುವವರ ಗುಂಪು ಒಂದು ಕಡೆ, ಕಳಿಸುವವರ ಗುಂಪು ಒಂದು ಕಡೆ ನಿಂತಿದ್ದವು. ಆಕೆ ಎರಡೂ ಗುಂಪುಗಳ ನಡುವೆ ನಿಂತು ಕಡತ ಬಿಚ್ಚಿದಳು.

ಮೊದಲ ಹಡಗಿನ ಕರಣಿಕ ಹೆಸರು ಕೂಗತೊಡಗಿದ. ಒಂದೊಂದಕ್ಕೂ ಉತ್ತರ ಬಂದಿತು. ಆಮೇಲೆ ವ್ಯಾಪಾರಿಯ ಮಗಳ ಹೆಸರು ಕೂಗಿದ.

ಒಂದು ಅಲೆ ಬಂದು ಹೋಗುವಷ್ಟು ಹೊತ್ತು ಏನೂ ಕೇಳಿಸಲಿಲ್ಲ. ಆಕೆ ಕಡತದಿಂದ ತಲೆಯೆತ್ತಲಿಲ್ಲ. ಹಡಗು ನಿಲ್ಲುತ್ತದೆ ಎಂದುಕೊಂಡಳು.

"ಇದ್ದೇನೆ," ಎಂದಿತು ಹಡಗಿನೊಳಗಿಂದ ಒಂದು ದನಿ.

ಅದು ಆಕೆಯ ದನಿ. ತಾಯಿ ಕರೆದಾಗ ಓಗೊಡುವಂತೆ ಕೊನೆಯಲ್ಲಿ ಸ್ವಲ್ಪ ಏರಿದ ದನಿ. ಆಕೆ ಕೈಯನ್ನು ಬಾಯಿಗೆ ಒತ್ತಿ ನೋಡಿಕೊಂಡಳು. ಬಾಯಿ ಮುಚ್ಚಿತ್ತು.

ಎರಡನೆಯ ಹಡಗಿನ ಕರಣಿಕ ಕೂಗಿದ. ಈ ಸಲ ಅಲೆಯಷ್ಟು ಹೊತ್ತೂ ಆಗಲಿಲ್ಲ. "ಇದ್ದೇನೆ."

ಮೂರನೆಯ ಹಡಗಿನಲ್ಲಿ ಹೆಸರು ಪೂರ್ತಿ ಕೂಗಿ ಮುಗಿಯುವ ಮೊದಲೇ ಉತ್ತರ ಬಂದಿತು. ಅದರಲ್ಲಿ ಸಣ್ಣ ನಗುವೂ ಇತ್ತು.

ಮೂರು ಲಂಗರುಗಳೂ ಎದ್ದವು. ಮೂರನೆಯ ಹಡಗಿನ ಅಂಚಿನಲ್ಲಿ ಹಸಿರು ಸೀರೆಯ ಹುಡುಗಿಯೊಬ್ಬಳು ಒರಗಿ ನಿಂತಿದ್ದಳು. ಗಾಳಿಗೆ ಸೆರಗು ಬಿಚ್ಚಿಕೊಂಡಾಗ ಅದರ ತುದಿಯ ತೂತಿನಿಂದ ಬಿಸಿಲು ಕಂಡಿತು. ದಡದಲ್ಲಿದ್ದವಳು ಕೂಗಬೇಕೆಂದು ಬಾಯಿ ತೆರೆದಳು. ಯಾವ ಹಡಗಿನ ಕಡೆಗೆ ಕೂಗುವುದೆಂದು ತಿಳಿಯಲಿಲ್ಲ. ಅದನ್ನು ಕಡತದಲ್ಲಿ ನೋಡಿದಳು.

ವ್ಯಾಪಾರಿ ಮೂರು ಹಡಗುಗಳಿಗೂ ಕೈಬೀಸಿದ. ಮೂರೂ ಕಣ್ಮರೆಯಾದ ಮೇಲೆ ಕಣ್ಣೊರೆಸಿಕೊಂಡು ಮನೆಗೆ ನಡೆದ.

"ಅಲ್ಲ ಮೇಷ್ಟ್ರೇ," ಎಂದಳು ಮಂದಾರ. "ಒಬ್ಬಳೇ ಮಗಳು ಮೂರು ಹಡಗಿನಿಂದ ಉತ್ತರ ಕೊಟ್ಟರೆ ಅಪ್ಪನಿಗೆ ಆಶ್ಚರ್ಯ ಆಗಬೇಡವಾ?"

"ಆಗಬೇಕಿತ್ತು. ಆದರೆ ಆ ಊರಿನಲ್ಲಿ ಬೇರೆ ಯಾರ ಮಗಳಿಗೂ ಮೂರು ಕಡೆ ಸಿಕ್ಕಿರಲಿಲ್ಲ. ಆಶ್ಚರ್ಯಕ್ಕೆ ಹೆಮ್ಮೆ ಜಾಗ ಬಿಡಲಿಲ್ಲ."

ಆ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಯಾರಾದರೂ ಕಡಲು ದಾಟಿದರೆ ಊಟದ ಸಾಲಿನಲ್ಲಿ ಅವರ ಜಾಗವನ್ನು ಹಾಗೇ ಬಿಡುತ್ತಿದ್ದರು. ಅಲ್ಲಿ ಎಲೆ ಹಾಕುತ್ತಿರಲಿಲ್ಲ, ಬೇರೆಯವರು ಕೂರುತ್ತಲೂ ಇರಲಿಲ್ಲ. ಹೋದವರು ಮರಳಿ ಬಂದ ದಿನ ಮತ್ತೆ ಎಲೆ.

ಆ ಮಧ್ಯಾಹ್ನ ಮಗಳು ಮನೆಗೆ ಬಂದು ತನ್ನ ಜಾಗದಲ್ಲಿ ಕುಳಿತಳು. ಒಂದು ಕಡೆ ತಂದೆಗೆ ಎಲೆ ಹಾಕಿತ್ತು, ಇನ್ನೊಂದು ಕಡೆ ಅತ್ತೆಗೆ. ನಡುವೆ ಬರಿಯ ನೆಲ. ತಾಯಿ ಉಪ್ಪಿನ ಬಟ್ಟಲು ಹಿಡಿದು ಬಂದಳು. ತಂದೆಯ ಎಲೆಗೆ ಉಪ್ಪು ಹಾಕಿದಳು. ಒಂದು ಹೆಜ್ಜೆ ದಾಟಿದಳು. ಅತ್ತೆಯ ಎಲೆಗೆ ಹಾಕಿದಳು.

"ಅಮ್ಮಾ, ಉಪ್ಪು," ಎಂದಳು ಮಗಳು.

ತಾಯಿ ನಿಂತಳು. ಏನೋ ಮರೆತವಳಂತೆ ಬಟ್ಟಲನ್ನು ನೋಡಿದಳು. ಆಮೇಲೆ ಒಳಗೆ ಹೋದಳು.

"ಈ ಹೊತ್ತಿಗೆ ಎಲ್ಲಿರುತ್ತಾಳೋ," ಎಂದಳು ಅತ್ತೆ.

"ಎಲ್ಲಿದ್ದರೂ ಚೆನ್ನಾಗಿರುತ್ತಾಳೆ," ಎಂದ ತಂದೆ. "ಮೂರೂ ಒಳ್ಳೆಯ ವಿದ್ಯಾಪೀಠಗಳೇ."

ಯಾರೂ ಆಕೆಯನ್ನು ಹೊರಗೆ ದೂಡಲಿಲ್ಲ. ಯಾರೂ ಬಾಗಿಲು ಹಾಕಲಿಲ್ಲ. ಆಕೆಯಿದ್ದ ಕಡೆಗೆ ಯಾರಿಗೂ ನೋಡುವ ಅಗತ್ಯ ಬೀಳಲಿಲ್ಲ, ಅಷ್ಟೇ. ಆ ದಿನಗಳಲ್ಲಿ ಆಕೆ ಏನು ತಿಂದಳೆಂದು ಕತೆಯಲ್ಲಿಲ್ಲ. ಹಸಿವಾಯಿತೆಂದೂ ಇಲ್ಲ.

ಇಷ್ಟು ಹೇಳುವಾಗ ಮೇಷ್ಟ್ರ ಹೆಂಡತಿ ಸರ್ವಮಂಗಳಮ್ಮ ಹೊರಗೆ ಬಂದರು. ಮಂದಾರ ಎದ್ದು, "ಅಮ್ಮ, ಚೆನ್ನಾಗಿದ್ದೀರಾ?" ಎಂದಳು. ಅವರು ಬಾಗಿ ಮೂರು ಲೋಟಗಳನ್ನೂ ಎತ್ತಿಕೊಂಡರು. "ಬಿಸಿಲು ಇಲ್ಲಿಗೂ ಬಂತು. ಸಾಕು, ಒಳಗೆ ಬನ್ನಿ," ಎಂದು ಗಂಡನಿಗೆ ಹೇಳಿ ಹೋದರು. ವಯಸ್ಸಾಯಿತು, ಕಿವಿ ಮಂದವಾಗಿದೆ ಎಂದುಕೊಂಡು ಮಂದಾರ ಮತ್ತೆ ಕುಳಿತಳು.

ಮೇಷ್ಟ್ರು ಒಳಗೆ ಹೋಗಲಿಲ್ಲ. ಕತೆ ಮುಂದುವರಿಸಿದರು.

ಮುಂದಿನ ವರ್ಷ ಗಾಳಿ ಮರಳಿ ಬೀಸಿದಾಗ ಮೂರು ಪತ್ರಗಳು ಬಂದವು. ಮೂರೂ ಒಂದೇ ಕೈಬರಹ. ವ್ಯಾಪಾರಿ ನೆರೆಯವರನ್ನೆಲ್ಲ ಕರೆದು ಗಟ್ಟಿಯಾಗಿ ಓದಿದ. ಮಗಳು ಆತನ ಹೆಗಲ ಹಿಂದೆ ನಿಂತು ಓದಿಕೊಂಡಳು.

ಉಪ್ಪು ಬೇಕಾದಷ್ಟು ಸಿಗುತ್ತದೆ, ಅದಕ್ಕೇ ಅಗ್ಗ ಎಂದು ಮೊದಲ ನಗರದವಳು ಬರೆದಿದ್ದಳು. ಮೆಣಸನ್ನು ಬಿಡಿಸಿ ಒಣಗಿಸುವವರ ಶ್ರಮವನ್ನು ಯಾರೂ ಸರಿಯಾಗಿ ಎಣಿಸಿಲ್ಲ, ಮೊದಲು ಅದನ್ನು ಕೇಳಬೇಕು ಎಂದು ಎರಡನೆಯವಳು ಬರೆದಿದ್ದಳು. ಮೂರನೆಯವಳು ಇಲ್ಲಿ ಎಲ್ಲರೂ ಉಪ್ಪಿಲ್ಲದೆಯೇ ಉಣ್ಣುತ್ತಾರೆ, ಅಭ್ಯಾಸವಾಗುತ್ತಿದೆ ಎಂದಿದ್ದಳು. ಮೂರು ಪತ್ರಗಳ ಕೊನೆಯಲ್ಲೂ ಒಂದು ಮಾತಿತ್ತು: "ಉಳಿದೆರಡು ಊರುಗಳಿಗೆ ಹೋಗಿದ್ದರೆ ಹೇಗಿರುತ್ತಿತ್ತೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ."

ಎರಡನೆಯ ವರ್ಷದ ಪತ್ರಗಳಲ್ಲಿ ಆ ಮಾತು ಒಂದರಲ್ಲಿ ಮಾತ್ರ ಇತ್ತು. ಮೂರನೆಯ ವರ್ಷ ಒಂದರಲ್ಲೂ ಇರಲಿಲ್ಲ. ಅಲ್ಲಿ ಆ ಮೂವರಿಗೂ ಗೆಳತಿಯರಾಗಿದ್ದರು, ಜಗಳಗಳಾಗಿದ್ದವು, ತಮ್ಮ ತಮ್ಮ ಗುರುಗಳ ಮೇಲೆ ಭಕ್ತಿಯೂ ಸಿಟ್ಟೂ ಬಂದಿದ್ದವು. ಮೂರು ಊರುಗಳನ್ನೂ ಒಟ್ಟಿಗೆ ನೆನೆಯುತ್ತಿದ್ದವಳು ಈಗ ದಡದಲ್ಲಿದ್ದವಳು ಒಬ್ಬಳೇ.

ಆಕೆ ಪತ್ರಗಳಲ್ಲಿ ಇದ್ದುದನ್ನೆಲ್ಲ ಕಡತಕ್ಕೆ ಇಳಿಸಿಕೊಂಡಳು. ಹೋಗುವ ಮೊದಲು ಯಾರಿಗೂ ಗೊತ್ತಾಗದ ಸಂಗತಿಗಳು ಆಕೆಗೆ ಗೊತ್ತಾದವು. ಯಾವ ಗುರು ಪಾಠದ ನಡುವೆ ನಿದ್ದೆ ಹೋಗುತ್ತಾರೆ, ಯಾವ ಊರಿನಲ್ಲಿ ಜ್ವರ ಬಂದರೆ ಗಂಜಿ ಕೊಡುವವರಿದ್ದಾರೆ ಎಂಬುದೆಲ್ಲ ತಿಳಿಯಿತು. ಇನ್ನು ಬರೆಯುವುದೇನೂ ಉಳಿಯಲಿಲ್ಲ. ನಾಲ್ಕನೆಯ ವರ್ಷ ಒಂದು ಮಧ್ಯಾಹ್ನ ಕುಳಿತು ಕೂಡಿದಳು. ಈ ಸಲ ಸಮ ಬರಲಿಲ್ಲ. ಯಾವ ಸಂದೇಹಕ್ಕೂ ಎಡೆಯಿಲ್ಲದಂತೆ ಒಂದು ಊರು ಮುಂದಿತ್ತು. ಆಕೆ ಆರಿಸಿದಳು. ಸರಿಯಾದದ್ದನ್ನೇ ಆರಿಸಿದಳು.

ಗಾಳಿ ತಿರುಗುವ ತಿಂಗಳ ಮೊದಲೇ ಬಂದರಿಗೆ ಹೋಗಿ ಆ ಹಡಗಿನ ಕರಣಿಕನ ಮುಂದೆ ನಿಂತು ಹೆಸರು ಹೇಳಿದಳು. ಕರಣಿಕ ತಲೆಯೆತ್ತಲಿಲ್ಲ. ಆ ಕೆಲಸದಲ್ಲಿ ಬಹಳ ವರ್ಷ ಇದ್ದವರಿಗೆ ಮುಖಗಳು ಕಾಣುವುದಿಲ್ಲ, ಹೆಸರುಗಳು ಮಾತ್ರ ಕೇಳಿಸುತ್ತವೆ. ಆತ ಹಳೆಯ ಪಟ್ಟಿಗಳನ್ನು ತೆಗೆದು ಬೆರಳಾಡಿಸಿದ.

"ಈ ಹೆಸರು ಹೋಗಿ ನಾಲ್ಕು ವರ್ಷವಾಯಿತು. ಉತ್ತರವೂ ಬಂದಿದೆ. ಮುಂದಿನವರು ಬನ್ನಿ," ಎಂದ.

ಮುಂದಿನವನು ಬಂದು, ಆಕೆ ನಿಂತಿದ್ದಲ್ಲಿಯೇ ನಿಂತ.

ಐದನೆಯ ವರ್ಷ ಮೂರೂ ಹಡಗುಗಳು ಮರಳಿದವು. ಮೂರರಿಂದಲೂ ವ್ಯಾಪಾರಿಯ ಮಗಳು ಇಳಿದಳು. ಒಬ್ಬಳು ಕೂದಲು ಕತ್ತರಿಸಿದ್ದಳು. ಒಬ್ಬಳು ದಪ್ಪಗಾಗಿದ್ದಳು. ಒಬ್ಬಳು ಬೇಗ ಬೇಗ ಮಾತನಾಡುತ್ತಿದ್ದಳು. ಆ ವರ್ಷ ಕೊಳ್ಳುವವರು ಬಂದು ಬೆಲೆ ಹೇಳಿದಾಗ ಮೂವರೂ ಎದುರು ಕುಳಿತು ಮೂರು ಬಗೆಯಲ್ಲಿ ವಾದಿಸಿದರು. ಕೊಳ್ಳುವವರು ಮೂರು ದಿನ ತಡೆದುಕೊಂಡು, ನಾಲ್ಕನೆಯ ದಿನ ಬೆಲೆ ಏರಿಸಿದರು. ಶಾಸ್ತ್ರಕ್ಕೆ ಸೋತರೋ ಸದ್ದಿಗೆ ಸೋತರೋ ಎಂಬುದರ ಬಗ್ಗೆ ಊರಿನಲ್ಲಿ ಎರಡು ಅಭಿಪ್ರಾಯಗಳಿದ್ದವು. ಹಿರಿಯರಿಗೆ ಸಂತೋಷವಾಯಿತು. ಒಬ್ಬಳನ್ನು ಕಳಿಸಿ ಮೂವರನ್ನು ಪಡೆದೆವು ಎಂದರು.

ಮನೆಯಲ್ಲಿ ತಾಯಿ ಬಿಟ್ಟ ಜಾಗದಲ್ಲಿ ಎಲೆ ಹಾಕಿದಳು. ಸಾಲನ್ನು ಸ್ವಲ್ಪ ಸರಿಸಿ ಇನ್ನೆರಡು ಎಲೆ ಹಾಕಿದಳು. ಐದು ವರ್ಷ ಆ ಬರಿಯ ನೆಲದ ಮೇಲೆ ಕುಳಿತಿದ್ದವಳು ಎದ್ದು ಬಾಗಿಲ ಮೂಲೆಗೆ ಹೋಗಿ ನಿಂತಳು. ತಾಯಿ ಉಪ್ಪು ತಂದಳು. ಮೂರು ಎಲೆಗಳ ತುದಿಗೂ ಉಪ್ಪು ಬಿದ್ದಿತು.

"ಈಗ ಹೇಳಿ. ಇದು ಯಾಕೆ ಅಗ್ಗ?" ಎಂದ ತಂದೆ ನಗುತ್ತಾ.

ಮೂವರೂ ಒಟ್ಟಿಗೆ ಹೇಳತೊಡಗಿದರು. ಒಬ್ಬಳ ಮಾತು ಒಬ್ಬಳಿಗೆ ಒಪ್ಪಲಿಲ್ಲ. ಅತ್ತೆ ನಕ್ಕು ನಕ್ಕು ಕೆಮ್ಮಿದಳು. ಬಾಗಿಲ ಮೂಲೆಯಲ್ಲಿದ್ದವಳಿಗೂ ಒಂದು ಉತ್ತರ ಗೊತ್ತಿತ್ತು. ಯಾವ ವಿದ್ಯಾಪೀಠದಲ್ಲೂ ಹೇಳಿಕೊಡದ ಉತ್ತರ. ದಿನವೂ ಬೀಳುವ ಉಪ್ಪಿಗೆ ಬೆಲೆ ಕಾಣುವುದಿಲ್ಲ. ಒಂದು ದಿನ ಬಟ್ಟಲು ನಿಮ್ಮನ್ನು ದಾಟಿ ಹೋದಾಗ ಕಾಣುತ್ತದೆ.

ಕೈತೊಳೆಯಲು ಎದ್ದ ಮೂವರಲ್ಲಿ ಒಬ್ಬಳು ಬಾಗಿಲ ಬಳಿ ನಿಂತಳು.

"ಅಮ್ಮಾ, ಇಲ್ಲಿ ಯಾರೋ ಇದ್ದ ಹಾಗಿದೆ."

"ಯಾರೂ ಇಲ್ಲ, ಮಗಳೇ. ನೀನು ಹೋದಾಗಿನಿಂದ ಮನೆಯಲ್ಲಿ ಒಂದೊಂದು ಕಡೆ ಹಾಗೆ ತಣ್ಣಗೆ ಅನ್ನಿಸುತ್ತಿತ್ತು. ನೀನು ಬಂದೆಯಲ್ಲ, ಇನ್ನು ಸರಿಹೋಗುತ್ತದೆ."

ಆಗ ಮೂಲೆಯಲ್ಲಿದ್ದವಳು, ಐದು ವರ್ಷದ ಹಿಂದೆ ಬಂದರಿನಲ್ಲಿ ಹೇಳದೆ ಉಳಿದದ್ದನ್ನು ಹೇಳಿದಳು. "ಇದ್ದೇನೆ," ಎಂದಳು.

ಆದರೆ ಈ ಸಲ ಯಾರೂ ಹೆಸರು ಕೂಗಿರಲಿಲ್ಲ. ಕೂಗದ ಹೆಸರಿಗೆ ಕೊಟ್ಟ ಉತ್ತರ ಯಾರಿಗೂ ಕೇಳಿಸುವುದಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ಬಿಸಿಲು ಜಗಲಿಯ ಅರ್ಧಕ್ಕೆ ಬಂದಿತ್ತು. ಮಂದಾರ ತನ್ನ ಕಾಗದವನ್ನು ಮಡಿಸಿದಳು. ಗೋಂದು ಹಚ್ಚಿದ ಕಡೆ ಅದು ಸರಿಯಾಗಿ ಮಡಿಕೆ ಬೀಳಲಿಲ್ಲ.

"ಆ ಮೂವರಲ್ಲಿ ನಿಜವಾದ ಮಗಳು ಯಾರು, ಮೇಷ್ಟ್ರೇ?"

"ಮೂವರೂ ನಿಜವೇ. ಉಪ್ಪು ಬಡಿಸಿದರಲ್ಲ."

ಮಂದಾರ, ಹೇಳಬಾರದೆಂದುಕೊಂಡು ಬಂದಿದ್ದನ್ನು ಹೇಳಿದಳು.

"ನಾನೂ ಮೂರಕ್ಕೂ ಬರುತ್ತೇನೆ ಅಂತ ಬರೆದು ಕಳಿಸಿಬಿಟ್ಟಿದ್ದೇನೆ, ಮೇಷ್ಟ್ರೇ. ಮನೆಯಲ್ಲೂ ಹೇಳಿಲ್ಲ. ಆದರೆ ಇನ್ನೂ ಐದು ಗಂಟೆ ಆಗಿಲ್ಲ. ಈಗಲೇ ಮನೆಗೆ ಹೋಗಿ ಎರಡಕ್ಕೆ ಇಲ್ಲ ಅಂತ ಬರೆದುಬಿಡುತ್ತೇನೆ. ಆಗಬಹುದಲ್ಲವಾ?"

ಮೇಷ್ಟ್ರು ಲೋಟಗಳಿದ್ದ ಜಾಗವನ್ನು ನೋಡಿದರು. ನೆಲದ ಮೇಲೆ ನೀರಿನ ಮೂರು ಸುತ್ತುಗಳು ಇನ್ನೂ ಆರಿರಲಿಲ್ಲ.

"ಬೆಳಿಗ್ಗೆಯಿಂದ ಮಂದಾರ ಮೂರು ಸಲ ಬಂದು, ಮೂರು ಊರುಗಳಿಗೆ ಹೊರಟೆನೆಂದು ನಮಸ್ಕಾರ ಮಾಡಿ, ಮಜ್ಜಿಗೆ ಕುಡಿದು ಹೋದಳು, ನೀನು ಯಾರಮ್ಮ?"